ಒಲೆ ಎದುರಿನ ಬಿಳಿ ಬಟ್ಟೆ

ನನಗೆ ಕೋಪ ಬೇಗ ಬರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ನನ್ನ ಮಾವ ಹೇಳುತ್ತಾರೆ, ಅದೂ ಬೀದಿಗೆಲ್ಲ ಕೇಳುವ ಹಾಗೆ. ಅವರ ಕೋಪ ನನ್ನದಕ್ಕಿಂತ ಒಂದು ಕೈ ಮೇಲೆಯೇ. ಬಟ್ಟೆ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಜನರ ಬಾಯಲ್ಲಿ ಇವತ್ತಿಗೂ ಅವರ ಹೆಸರು ಬಾಯ್ಲರ್. ಗಿರಣಿಯ ಬಾಯ್ಲರಿಗಾದರೂ ಹಬೆ ಹೆಚ್ಚಾದರೆ ಬಿಡುವುದಕ್ಕೆ ಒಂದು ತಿರುಪು ಇತ್ತಂತೆ. ಇವರಿಗೆ ಅದೂ ಇಲ್ಲ.

ನಮ್ಮ ಮನೆಯ ಮುಂದಿನ ಕೋಣೆ ನನ್ನ ಹೊಲಿಗೆ ಅಂಗಡಿ. ಅದರ ಹಿಂದೆ ನಡುಕೋಣೆ, ಅಲ್ಲಿ ಮನೆ ಬೆಚ್ಚಗಿಡುವ ಕಬ್ಬಿಣದ ಸೌದೆ ಒಲೆ, ಒಲೆಯ ಪಕ್ಕದಲ್ಲೇ ಮಾವನ ಮಂಚ. ಹಿತ್ತಿಲಲ್ಲಿ ನಮ್ಮೆಜಮಾನರ ಸೈಕಲ್ ರಿಪೇರಿ ಶೆಡ್ಡು. ನಮ್ಮೆಜಮಾನರು ಮಾತಾಡುವುದು ಕಡಿಮೆ. ಪಾಪ, ನಾನೂ ಅವರಪ್ಪನೂ ಸೇರಿ ಅವರ ಪಾಲಿನ ಮಾತನ್ನೂ ಆಡಿಬಿಡುತ್ತೇವೆ, ಅವರಿಗೆ ಉಳಿಯುವುದಾದರೂ ಏನು?

ನಮ್ಮ ಕಡೆಯ ಚಳಿ ಸಾಮಾನ್ಯದ ಚಳಿಯಲ್ಲ. ಬೆಳಿಗ್ಗೆ ಎದ್ದರೆ ಬಕೆಟ್ಟಿನ ನೀರಿನ ಮೇಲೆ ಮಂಜುಗಡ್ಡೆಯ ತೆಳ್ಳನೆಯ ಹಾಳೆ. ಅದಕ್ಕೇ ಮಾವ ಪ್ರತಿ ಸಂಜೆ ಒಲೆಯ ಹೊಟ್ಟೆಗೆ ದಪ್ಪ ದಪ್ಪ ದಿಮ್ಮಿ ತುರುಕಿ, ಕೆಳಗಿನ ಗಾಳಿಕಿಂಡಿ ಮುಚ್ಚಿಬಿಡುತ್ತಿದ್ದರು. ಬೆಂಕಿ ಮಲಗಿಸುವುದು ಎಂದು ಅದಕ್ಕೆ ಅವರದೇ ಹೆಸರು. ಮಲಗಿದ ಬೆಂಕಿ ಉರಿಯದೆ, ಆರದೆ ಬೆಳಗಿನ ತನಕ ಹೊಗೆಯಾಡುತ್ತಾ ಇರುತ್ತಿತ್ತು. ನಸುಕಿನಲ್ಲಿ ಎದ್ದು ಕಿಂಡಿ ತೆರೆದು ಊದುಕೊಳವೆಯಲ್ಲಿ ಊದುತ್ತಿದ್ದರು. ಆಮೇಲೆ ಕೆಮ್ಮು. ಕೆಮ್ಮೆಂದರೆ ಎಂಥ ಕೆಮ್ಮು! ಅಲಾರಂ ಗಡಿಯಾರ ಕೆಟ್ಟು ಹೋಗಿ ಎಷ್ಟೋ ಕಾಲವಾಗಿದ್ದರೂ ನಾವು ಅದನ್ನು ರಿಪೇರಿ ಮಾಡಿಸಿರಲಿಲ್ಲ.

ಈ ಚಳಿಗಾಲದ ಶುರುವಿನಲ್ಲಿ ಆ ಕೆಮ್ಮು ಬೆಳಗಿಗೆ ನಿಲ್ಲದೆ ಮಧ್ಯಾಹ್ನಕ್ಕೂ ಬಂತು. ಮೆಟ್ಟಿಲು ಹತ್ತಿದರೆ ಮೇಲುಸಿರು. ನಮ್ಮೆಜಮಾನರು ಎಂದೂ ಆಡದವರು ಅಂದು ಫೋನಿನಲ್ಲಿ ಅವರ ಅಕ್ಕನಿಗೆ ಎಲ್ಲ ಹೇಳಿಬಿಟ್ಟರು. ನನ್ನ ನಾದಿನಿ ಪೇಟೆಯ ದೊಡ್ಡ ಆಸ್ಪತ್ರೆಯಲ್ಲಿ ನರ್ಸು, ಅದೂ ಎದೆರೋಗದ ವಾರ್ಡಿನಲ್ಲಿ. ಫೋನಿಟ್ಟ ವಾರವೇ ಬಂದಿಳಿದಳು. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ನಾನು ಅಕ್ಕ ಎಂದೇ ಕರೆಯುವುದು.

ಬಂದವಳು ಚಹಾ ಕೂಡ ಕುಡಿಯಲಿಲ್ಲ. ಒಲೆಯ ಎದುರು ಗೋಡೆಯಲ್ಲಿದ್ದ ಕ್ಯಾಲೆಂಡರನ್ನು ಮೊಳೆಯಿಂದ ಎತ್ತಿದಳು, ಅಷ್ಟೆ. ಕ್ಯಾಲೆಂಡರ್ ಇದ್ದ ಜಾಗ ಸುಣ್ಣದ ಹಾಗೆ ಬೆಳ್ಳಗಿತ್ತು. ಉಳಿದ ಗೋಡೆ ಚಹಾ ಸೋಸುವ ಹಳೇ ಬಟ್ಟೆಯ ಬಣ್ಣ. ದಿನಾ ನೋಡುತ್ತಿದ್ದ ಗೋಡೆ, ನಮ್ಮ ಕಣ್ಣಿಗೆ ಅದೇ ಬಿಳಿಯಾಗಿತ್ತು ನೋಡಿ.

"ಗೋಡೆ ಮೇಲೆ ಇಷ್ಟು ಕೂತಿದ್ರೆ ಅಪ್ಪನ ಎದೇಲಿ ಎಷ್ಟು ಕೂತಿರ್ಬೇಡ?" ಎಂದಳು ಅಕ್ಕ.

"ನನ್ನ ಎದೇಲಿ ಕ್ಯಾಲೆಂಡರ್ ನೇತಾಕಿಲ್ಲ, ಹೋಗು," ಎಂದರು ಮಾವ, ಹಾಗೇ ಕೆಮ್ಮಿದರು.

ಅಕ್ಕ ಸುತ್ತಿ ಬಳಸಿ ಮಾತಾಡುವವಳಲ್ಲ. "ನೋಡಪ್ಪ, ನಮ್ಮ ಮನೇನ ಪೈಪಲ್ಲಿ ಬಿಸಿನೀರು ಹರಿಸಿ ಕಾಯಿಸ್ತಾರೆ. ಹೊಗೆ ಇಲ್ಲ, ಬೂದಿ ಇಲ್ಲ. ನಿನಗೆ ಬೇರೆ ಕೋಣೆ ಇದೆ. ನನ್ ಜೊತೆ ಬಂದ್ಬಿಡು."

ಗುಡುಗಬೇಕಾಗಿದ್ದ ಮಾವ ಗುಡುಗಲಿಲ್ಲ! ಅವರು ಒಲೆಯನ್ನೇ ನೋಡುತ್ತಾ ಕೂತರು. ಮದುವೆಯಾಗಿ ಬಂದಾಗಿನಿಂದ ಈ ಮನುಷ್ಯನ ಜೊತೆ ಜಗಳವಾಡದ ದಿನವಿಲ್ಲ. ಉಪ್ಪು ಹೆಚ್ಚಾಯಿತು, ಕದ ಜೋರಾಗಿ ಹಾಕಿದೆ, ಮಿಷನ್ ಸದ್ದು ಜಾಸ್ತಿ, ಒಂದಾ ಎರಡಾ. ಅವರು ಹೋದರೆ ಮನೆ ತಣ್ಣಗಿರುತ್ತದೆ ಎಂದು ಖುಷಿಪಡಬೇಕಾದವಳು ನಾನು. ಖುಷಿಯಾಗಲಿಲ್ಲ. ಅವರು ಹೋಗಬಾರದು ಎನ್ನಿಸಿತು, ಅಷ್ಟೇ.

"ಒಲೆ ಸರಿಮಾಡಿದ್ರೆ ಆಗಲ್ವಾ ಅಕ್ಕ?" ಎಂದೆ.

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನೇನಾ ಈ ಮಾತು ಹೇಳ್ತಿರೋದು? ಸರಿ. ನಾಳೆ ಹೊಗೆಕೊಳವೆ ಗುಡಿಸೋಳನ್ನ ಕರೆಸು. ಅವಳು ಹೇಳಿದ ಹಾಗೆ ಒಲೆ ಉರಿಸಿ. ಈ ಮೊಳೆಗೆ ಒಂದು ಬಿಳಿ ಬಟ್ಟೆ ನೇತುಹಾಕಿ ಹೋಗ್ತೀನಿ. ಮುಂದಿನ ತಿಂಗಳು ಬಂದಾಗ ಬಟ್ಟೆ ಬೆಳ್ಳಗಿದ್ರೆ ಅಪ್ಪ ಇಲ್ಲೇ. ಮಾಸಿದ್ರೆ ಅಪ್ಪ ನನ್ ಜೊತೆ. ಆಮೇಲೆ ಯಾರೂ ಉಸಿರೆತ್ತೋ ಹಾಗಿಲ್ಲ."

"ಆಗ್ಲಿ," ಎಂದೆವು ನಾನೂ ನಮ್ಮೆಜಮಾನರೂ.

ಮಾರನೇ ದಿನ ಕೊಳವೆ ಗುಡಿಸುವವಳು ಬಂದಳು. ಆಳು ಗಿಡ್ಡ, ಬಾಯಿ ಉದ್ದ. ಮೈತುಂಬ ಕಪ್ಪು ಬಟ್ಟೆ, ಹೆಗಲಿಗೆ ತಂತಿಬ್ರಷ್ಷಿನ ಸುರುಳಿ. "ನಾನು ಹೊಗೆಕೊಳವೆಗೆ ಬ್ರಷ್ ಹಾಕಿದ್ರೆ ಅದು ನನ್ನ ಹೆಸರು ಹೇಳಿ ಉಸಿರಾಡುತ್ತೆ," ಎಂದು ಬಾಗಿಲಲ್ಲೇ ಜಂಬ ಕೊಚ್ಚಿಕೊಂಡಳು. ಕೊಳವೆಯೊಳಗಿಂದ ಅವಳು ಕೆಡವಿದ್ದು ಮಸಿಯಷ್ಟೇ ಅಲ್ಲ, ಡಾಂಬರಿನಂಥ ಹೊಳೆಯುವ ಜಿಡ್ಡು. ಒಂದು ಬಕೆಟ್ ತುಂಬಿತು.

"ಇದಕ್ಕೆ ಒಂದು ಕಿಡಿ ತಾಗಿದ್ರೆ ಕೊಳವೆಯೇ ಹತ್ಕೊಂಡು ಉರೀತಿತ್ತು. ಯಾರು ತಾತ, ನೀವೇನಾ ಇಲ್ಲಿ ಬೆಂಕಿ ಹಾಕೋರು?"

"ತಾತ ಅಂತೆ! ನಾನು ಬಾಯ್ಲರ್ ಉರಿಸ್ತಿದ್ದಾಗ ನೀನಿನ್ನೂ ಹುಟ್ಟೇ ಇರ್ಲಿಲ್ಲ," ಎಂದು ಮಾವ ಗುಡುಗಿದರು. ನನಗೆ ಜೀವ ಬಂದ ಹಾಗಾಯಿತು. ಗುಡುಗುತ್ತಾರೆಂದರೆ ಇನ್ನೂ ಕೈಚೆಲ್ಲಿಲ್ಲ.

ಅವಳು ಹಿತ್ತಿಲಿಗೆ ಹೋಗಿ ಬಯಲಲ್ಲಿ ಒಟ್ಟಿದ್ದ ಸೌದೆಯಿಂದ ಎರಡು ತುಂಡು ತಂದು ಒಂದಕ್ಕೊಂದು ಬಡಿದಳು. ಧಪ್ ಎಂದಿತು. ಆಮೇಲೆ ನಮ್ಮೆಜಮಾನರ ಶೆಡ್ಡಿನ ಹಿಂದೆ, ತಗಡಿನ ಸೂರಿನಡಿ, ಕಷ್ಟಕಾಲಕ್ಕೆಂದು ಮಾವ ವರ್ಷಗಳಿಂದ ಕೂಡಿಟ್ಟಿದ್ದ ಹಳೇ ಸೌದೆಯಿಂದ ಎರಡು ತಂದು ಬಡಿದಳು. ಟಣ್ ಎಂದಿತು. ತುದಿಯಲ್ಲಿ ಬಿರುಕು ಬಿಟ್ಟಿತ್ತು, ಕೈಗೆ ಹಗುರವಾಗಿತ್ತು.

"ಹಸಿ ಸೌದೆ ಹಾಕಿದ್ರೆ ಬೆಂಕಿ ಅರ್ಧ ಜೀವ ಸೌದೆಯ ನೀರು ಕಾಯಿಸೋದ್ರಲ್ಲೇ ಕಳೆಯುತ್ತೆ. ಮನೆ ಕಾಯೋದು ಯಾವಾಗ? ಈ ಟಣ್ ಅನ್ನೋದನ್ನ ಮಾತ್ರ ಹಾಕಿ. ಬಯಲಲ್ಲಿರೋದನ್ನ ಸೀಳಿ, ಸೂರಿನಡಿ ಗಾಳಿಯಾಡೋ ಹಾಗೆ ಒಟ್ಟಿ, ಬರೋ ವರ್ಷಕ್ಕಾಗುತ್ತೆ. ದಿಮ್ಮಿ ಬೇಡ, ನಿಮ್ಮ ಮುಂಗೈ ದಪ್ಪ ಸಾಕು."

ಅಲ್ಲಿಯವರೆಗೆ ಮಾವ ಸಹಿಸಿಕೊಂಡಿದ್ದರು. ಅವಳು ದಪ್ಪ ಸೌದೆ ಕೆಳಗಿಟ್ಟು, ಅದರ ಮೇಲೆ ಸಣ್ಣದು, ಅದರ ಮೇಲೆ ಬೇಗ ಹೊತ್ತುವ ಒಣ ಪುರುಳೆ ಇಟ್ಟು, ಎಲ್ಲಕ್ಕಿಂತ ಮೇಲೆ ಕಡ್ಡಿ ಗೀರಿದಾಗ ಅವರಿಗೆ ತಡೆಯಲಾಗಲಿಲ್ಲ.

"ಲೋಕವೆಲ್ಲ ಕಾಲಡಿ ಬೆಂಕಿ ಹಾಕಿದ್ರೆ ಇವಳು ತಲೆಗೆ ಹಚ್ತಾಳೆ! ಬೆಂಕಿ ಕೆಳಗಿಳಿಯುತ್ತೇನೇ? ಅಜ್ಜಿಗೆ ಮೊಮ್ಮಗಳು ಕೆಮ್ಮೋದು ಕಲಿಸಿದ ಹಾಗಾಯ್ತು!"

"ಕೆಮ್ಮೋದನ್ನ ನಿಮಗೆ ಯಾರೂ ಕಲಿಸ್ಬೇಕಿಲ್ಲ ತಾತ, ಬೀದಿ ತುದಿಗೇ ಕೇಳ್ತಿತ್ತು," ಎಂದಳು ಅವಳು. ನಾನು ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡೆ. "ಮೇಲೆ ಉರಿ ಇದ್ರೆ ಕೆಳಗಿನ ಸೌದೆಯಿಂದ ಏಳೋ ಹೊಗೆ ಆ ಉರಿಯ ಒಳಗೇ ಹಾದು ಹೋಗ್ಬೇಕು. ಹೋಗ್ತಾ ಅದೂ ಸುಟ್ಟು ಬಿಸಿಯಾಗುತ್ತೆ. ಹೊಗೆ ಅಂದ್ರೆ ಏನಂದ್ಕೊಂಡ್ರಿ? ಸುಡದೇ ಓಡಿಹೋಗೋ ಸೌದೆ. ಬನ್ನಿ ಹೊರಗೆ, ತೋರಿಸ್ತೀನಿ."

ಎಲ್ಲರೂ ಬೀದಿಗೆ ಹೋಗಿ ಕತ್ತೆತ್ತಿ ನಿಂತೆವು. ಮೊದಲು ಸ್ವಲ್ಪ ಬಿಳಿ ಹೊಗೆ ಬಂತು. ಚೂರು ಹೊತ್ತಾದ ಮೇಲೆ ಅದೂ ಇಲ್ಲ. ಕೊಳವೆಯ ಬಾಯಲ್ಲಿ ಗಾಳಿ ಮಾತ್ರ ಬಿಸಿಲಲ್ಲಿ ನಡುಗುವ ಹಾಗೆ ನಡುಗುತ್ತಿತ್ತು. ಎದುರು ಬೀದಿಯ ದರ್ಜಿ ಕೂಡ ಅಂಗಡಿಯಿಂದ ಹೊರಗೆ ಬಂದು ನೋಡಿದ. ಅವನಿಗೂ ನನಗೂ ಆಗಿಬರುವುದಿಲ್ಲ. ಅವನ ಹೊಲಿಗೆ ಎಳೆದರೆ ಬಿಚ್ಚಿ ಬರುತ್ತದೆ, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

"ಗಾಳಿಕಿಂಡಿ ಮುಚ್ಚಿ ಬೆಂಕಿ ಮಲಗಿಸೋದು ಇವತ್ತಿಗೆ ಕೊನೆ," ಎಂದಳು ಗುಡಿಸುವವಳು. "ಸಂಜೆ ಚೆನ್ನಾಗಿ ಉರಿಸಿ, ಉರಿದು ಕೆಂಡವಾಗ್ಲಿ, ಆರಿಹೋಗ್ಲಿ."

"ಆರಿದ್ರೆ ಬೆಳಗಾಗೋ ಹೊತ್ತಿಗೆ ಮನೆ ತಣ್ಣಗಾಗುತ್ತೆ," ಎಂದರು ಮಾವ.

"ಒಲೆ ಹಿಂದೆ, ಪಕ್ಕದಲ್ಲಿ ಇಟ್ಟಿಗೆ ಗೋಡೆ ಎಬ್ಬಿಸಿ. ಇಟ್ಟಿಗೆ ಬಿಸಿ ಕುಡಿದು ಬೆಳಗಿನ ತನಕ ಬಿಡ್ತಾ ಇರುತ್ತೆ."

"ಮುಂದಿನ ಕೋಣೆಗೆ ಸಾಕಾಗುತ್ತಾ?"

ನನಗೆ ರೇಗಿಹೋಯಿತು. "ಮುಂದಿನ ಕೋಣೆ ನಂದು ಮಾವ, ಅದರ ಚಿಂತೆ ನಿಮಗ್ಯಾಕೆ? ನಿಮ್ಮ ಎದೆ ಚಿಂತೆ ಮಾಡ್ಕೊಳ್ಳಿ. ಅಲ್ಲ, ಗಿರಣೀಲಿ ಬಾಯ್ಲರ್‌ನ ಹೀಗೇ ಉಸಿರು ಕಟ್ಟಿಸಿ ಮಲಗಿಸ್ತಿದ್ರಾ?"

"ಮಲಗಿಸೋದಾ? ಗಿರಣಿ ಕೊಳವೆ ಕಪ್ಪು ಹೊಗೆ ಉಗುಳಿದ್ರೆ ಮೇಸ್ತ್ರಿ ನನ್ನ ಚರ್ಮ ಸುಲೀತಿದ್ದ! ಗಾಳಿ ಕೊಟ್ಟು ಧಗಧಗ..." ಎನ್ನುತ್ತಿದ್ದವರು ಅಲ್ಲಿಗೇ ನಿಂತುಬಿಟ್ಟರು. ಗಡ್ಡ ಕೆರೆದುಕೊಂಡರು. ಆಮೇಲೆ ನಮ್ಮೆಜಮಾನರ ಕಡೆ ತಿರುಗಿ, "ಇಟ್ಟಿಗೆ ಎಲ್ಲಿ ಸಿಗುತ್ತೋ?" ಎಂದು ಕೇಳಿದರು.

ಅಕ್ಕ ಹೊರಡುವ ಮುಂಚೆ ನನ್ನ ಥಾನಿನಿಂದ ಒಂದು ತುಂಡು ಬಿಳಿ ಹತ್ತಿ ಬಟ್ಟೆ ಹರಿದಳು. ಅಂಚು ಬಿಚ್ಚಿಕೊಂಡ ಬಟ್ಟೆ ನನ್ನ ಮನೆಯಲ್ಲಿ ನೇತಾಡುವುದೆಂದರೇನು, ಮರ್ಯಾದೆ ಬೇಡವೇ? ಕಿತ್ತುಕೊಂಡು ಎರಡು ಮಡಿಕೆ ಮಡಿಚಿ ನಾಲ್ಕೂ ಅಂಚು ಒತ್ತೊತ್ತಾಗಿ ಹೊಲಿದು ಕೊಟ್ಟೆ. ಕ್ಯಾಲೆಂಡರ್ ಇದ್ದ ಬಿಳಿ ಜಾಗದ ಮೇಲೆ ಅಕ್ಕ ಅದನ್ನು ನೇತುಹಾಕಿದಳು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯನ್ನು ನೀವು ನೋಡಬೇಕಿತ್ತು. ಅಪ್ಪ ಮಗ ಸೇರಿ ಇಟ್ಟಿಗೆ ಗೋಡೆ ಎಬ್ಬಿಸಿದರು. ಒಲೆಯ ಬಾಗಿಲ ಸಂದಿಗೆ ಬೆಂಕಿ ತಾಳುವ ಹೊಸ ಹಗ್ಗ ಕೂರಿಸಿದರು. ಹಗಲೆಲ್ಲ ಹಿತ್ತಿಲಲ್ಲಿ ಸೌದೆ ಸೀಳುವ ಸದ್ದು. ನಮ್ಮೆಜಮಾನರು ಸೀಳಿದರೆ ಮಾವ ಪ್ರತಿಯೊಂದು ತುಂಡನ್ನೂ ಬಡಿದು ಕಿವಿಗೊಟ್ಟು ಕೇಳಿ, ಇದು ಪಾಸು, ಇದು ಫೇಲು ಎಂದು ಬೇರೆ ಮಾಡುತ್ತಿದ್ದರು. ಗಿರಣಿಯ ಕೆಲಸವೇ ವಾಪಸು ಬಂದಂತೆ ಮುಖದಲ್ಲಿ ಕಳೆ. ಹಳೇ ಸೌದೆಯಲ್ಲಿ ಮೊದಲಿಗಿಂತ ಕಡಿಮೆ ಹಾಕಿದರೂ ಮನೆ ಮೊದಲಿಗಿಂತ ಬೆಚ್ಚಗಾಯಿತು. ಇದನ್ನು ಅವರ ಮುಂದೆ ಹೇಳಿದರೆ, "ಬೆಂಕಿ ಹಾಕ್ತಿರೋನು ಯಾರು?" ಎನ್ನುತ್ತಿದ್ದರು. ಪುಣ್ಯವೆಲ್ಲ ಅವರದು.

ಆದರೆ ಎಲ್ಲರ ಕಣ್ಣೂ ಗೋಡೆಯ ಮೇಲೆ. ಊಟ ಮಾಡುವಾಗ ಬಟ್ಟೆ, ಕದ ತೆಗೆಯುವಾಗ ಬಟ್ಟೆ. ಯಾರೂ ಅದರ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ.

ಮೊದಲ ವಾರವೇ ಒಂದು ಬೆಳಿಗ್ಗೆ ಮಾವ ಹಿತ್ತಿಲಲ್ಲಿದ್ದರು. ನಾನು ಒಲೆಗೆ ಎರಡು ಸೌದೆ ಹಾಕಿ ಬಾಗಿಲು ಮುಚ್ಚಿದೆ. ಬಟ್ಟೆ ಬೆಳ್ಳಗೇ ಕಂಡಿತು. ಆದರೂ ಕಣ್ಣನ್ನು ನಂಬುವುದು ಹೇಗೆ, ಗೋಡೆಯೂ ಬೆಳ್ಳಗೇ ಕಂಡಿತ್ತಲ್ಲ? ಹತ್ತಿರ ಹೋಗಿ ಬೆರಳಿನಿಂದ ಒರೆಸಿ ನೋಡಿದೆ. ಅಯ್ಯೋ ದೇವರೇ! ಬೆರಳೂ ಕಪ್ಪು, ಬಟ್ಟೆಯೂ ಕಪ್ಪು. ಹೊಗೆ ಇನ್ನೂ ಇದೆ, ಮಾವ ಹೋದ ಹಾಗೇ. ಹಿಂದೆ ಮುಂದೆ ಯೋಚಿಸಲಿಲ್ಲ. ಮುಂದಿನ ಕೋಣೆಗೆ ಓಡಿ, ಅದೇ ಥಾನಿನಿಂದ ಅಷ್ಟೇ ಅಗಲದ ಇನ್ನೊಂದು ತುಂಡು ಕತ್ತರಿಸಿ, ಅದೇ ಎರಡು ಮಡಿಕೆ ಹೊಲಿದು, ತಂದು ನೇತುಹಾಕಿದೆ. ಕಪ್ಪಾದದ್ದನ್ನು ಮಿಷನ್ನಿನ ಡ್ರಾಯರಿಗೆ ತುರುಕಿದೆ. ಮಾವ ಒಳಗೆ ಬಂದು ನನ್ನ ಮುಖ ನೋಡಿ, "ಏನಮ್ಮಾ, ಕದ್ದು ಸಕ್ಕರೆ ತಿಂದೋಳ ಹಾಗೆ ನಿಂತಿದ್ದೀಯ?" ಎಂದರು. "ನಿಮ್ಮ ಸಕ್ಕರೆ ನೀವೇ ಇಟ್ಕೊಳ್ಳಿ," ಎಂದು ರೇಗಿದೆ. ರೇಗುವುದು ನನಗೆ ಸುಲಭ, ಅದರ ಹಿಂದೆ ಏನು ಬೇಕಾದರೂ ಬಚ್ಚಿಡಬಹುದು.

ಒಂದು ಸಮಾಧಾನವಿತ್ತು. ಬೆಳಗಿನ ಕೆಮ್ಮು ಕಡಿಮೆಯಾಗುತ್ತಾ ಬಂತು. ಒಂದು ದಿನ ನಾವು ಗಂಡ ಹೆಂಡತಿ ಇಬ್ಬರೂ ಹೊತ್ತೇರುವ ತನಕ ಮಲಗಿಬಿಟ್ಟೆವು, ಅಲಾರಂ ಹೊಡೆಯಲೇ ಇಲ್ಲ. ಆದರೂ ಡ್ರಾಯರಿನಲ್ಲಿದ್ದ ಆ ಕಪ್ಪು ಗುರುತು ನನ್ನನ್ನು ಚುಚ್ಚುತ್ತಲೇ ಇತ್ತು.

ಅಕ್ಕ ಬರುವ ದಿನ ಬಂತು. ಬೆಳಿಗ್ಗೆ ನಡುಕೋಣೆ ಗುಡಿಸುತ್ತಾ ಬಟ್ಟೆಯ ಕಡೆ ಒಂದು ಸಲ ಸರಿಯಾಗಿ ನೋಡಿದೆ. ಅಂಚಿನ ಹೊಲಿಗೆ ಉದ್ದುದ್ದ. ಮೂಲೆಯಲ್ಲಿ ಸೊಟ್ಟ ತಿರುವು. ನಾನು ಸತ್ತರೂ ಹೀಗೆ ಹೊಲಿಯುವುದಿಲ್ಲ. ಇಡೀ ಲೋಕದಲ್ಲಿ ಮೂಲೆಯನ್ನು ಹೀಗೆ ತಿರುಗಿಸುವವನು ಒಬ್ಬನೇ. ಎದುರು ಬೀದಿಯ ದರ್ಜಿ!

ನನ್ನ ಮನೆಯಲ್ಲಿ, ನನ್ನ ಗೋಡೆಯ ಮೇಲೆ, ಅವನ ಹೊಲಿಗೆ! ನೆತ್ತಿಗೆ ಬೆಂಕಿ ಹತ್ತಿಕೊಂಡಿತು, ಮೇಲಿನಿಂದ ಹಚ್ಚುವುದೆಂದರೆ ಇದೇ ಇರಬೇಕು. ಯಾರ ಕೆಲಸ ಇದು ಎಂದು ಕೂಗಲು ಬಾಯಿ ತೆರೆದೆ, ಹಾಗೇ ಮುಚ್ಚಿದೆ. ಕೂಗಿದರೆ, ಇದು ನಿನ್ನ ಬಟ್ಟೆಯಲ್ಲ ಅಂತ ಗೊತ್ತಾಗುವಷ್ಟು ಅದನ್ನು ನೀನು ಯಾಕೆ ನೋಡಿದೆ ಎಂದು ಕೇಳುತ್ತಾರೆ. ಕಳ್ಳಿ ಪೊಲೀಸರಿಗೆ ದೂರು ಕೊಡುವುದು ಹೇಗೆ? ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿ.

ಅಕ್ಕ ನೇರ ಗೋಡೆಯ ಹತ್ತಿರ ಹೋದಳು. ಬಟ್ಟೆಯನ್ನು ಮುಟ್ಟದೆ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಮುಖ ಅರಳಿತು.

"ನಾನು ನಂಬಿರ್ಲಿಲ್ಲ ಕಣೇ. ಹಾಲಿನ ಹಾಗಿದೆ. ಸರಿ, ಮಾತಂದ್ರೆ ಮಾತು. ಅಪ್ಪ ಇಲ್ಲೇ ಇರ್ಲಿ."

ನಮ್ಮೆಜಮಾನರು ದೊಡ್ಡದಾಗಿ ಉಸಿರು ಬಿಟ್ಟರು. ಮಾವ ಮೀಸೆಯೊಳಗೇ ನಕ್ಕರು. ನನಗೂ ಒಂದು ಗಳಿಗೆ ಹಾರಾಡುವಷ್ಟು ಖುಷಿಯಾಯಿತು. ಆಮೇಲೆ ಮಾವ ಕೆಮ್ಮಿದರು. ಚಿಕ್ಕ ಕೆಮ್ಮು, ಗಂಟಲು ಸರಿಮಾಡಿಕೊಳ್ಳುವಂಥದ್ದು. ಆದರೆ ನನ್ನ ಖುಷಿ ಅಲ್ಲೇ ಇಳಿದುಹೋಯಿತು. ಆ ಬಟ್ಟೆ ಸುಳ್ಳು. ಹೊಗೆ ಇದ್ದೇ ಇದ್ದರೆ? ನನ್ನ ಆಸೆಗೆ ಇವರನ್ನು ಇಲ್ಲಿ ಇಟ್ಟುಕೊಂಡು, ಇವರ ಎದೆ ಇನ್ನಷ್ಟು ಕೆಟ್ಟರೆ? ಪೇಟೆಯಲ್ಲಿದ್ದರೆ ಫೋನಿನಲ್ಲಾದರೂ ಜಗಳವಾಡಬಹುದು. ಮನುಷ್ಯನೇ ಇಲ್ಲವಾದರೆ ಯಾರ ಜೊತೆ ಆಡಲಿ?

"ನಿಲ್ಲಿ ಅಕ್ಕ," ಎಂದೆ. "ಆ ಬಟ್ಟೆ ನೀವು ಹಾಕಿದ್ದಲ್ಲ. ನೀವು ಹಾಕಿದ್ದು ಮೊದಲ ವಾರವೇ ಕಪ್ಪಾಯ್ತು. ನಾನೇ ಬದಲಾಯಿಸ್ದೆ. ಮಾವನ್ನ ಕರ್ಕೊಂಡು ಹೋಗಿ. ಅವರು ಹೋಗೋದು ನನಗೆ ಒಂಚೂರೂ ಇಷ್ಟ ಇಲ್ಲ, ಆದ್ರೂ ಕರ್ಕೊಂಡು ಹೋಗಿ." ಹೇಳುತ್ತಾ ಹೇಳುತ್ತಾ ಅಳು ಬಂತು. ಅಳುತ್ತಲೇ ಕೋಪವೂ ಬಂತು. "ಆದ್ರೆ ಇದು ನಾನು ಹೊಲಿದ ಬಟ್ಟೆಯೂ ಅಲ್ಲ! ಈ ಹೊಲಿಗೆ ಆ ಎದುರು ಬೀದಿಯವನದ್ದು! ಅವನ ಹತ್ರ ಹೋದ ಪುಣ್ಯಾತ್ಮರು ಯಾರು ಅಂತ ನನಗೀಗ ಗೊತ್ತಾಗ್ಬೇಕು!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮೆಜಮಾನರ ಕೈ ಹೆಗಲಿಗೆ ಹೋಗಲಿಲ್ಲ, ಜೇಬಿಗೆ ಹೋಯಿತು. ಗ್ರೀಸ್ ಮೆತ್ತಿದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು.

"ಬೂದಿ ಎತ್ತಿ ಹಾಕಿ ಬಂದು, ಹೇಗಿದೆ ನೋಡೋಣ ಅಂತ ಮುಟ್ಟಿದೆ. ಕಪ್ಪಾಗಿತ್ತು," ಎಂದರು. "ನಿನಗೆ ಹೇಳಿದ್ರೆ ನೀನು ಅಳ್ತೀಯ ಅಂತ..."

"ಅದಕ್ಕೆ ಅವನ ಹತ್ರ ಹೋದ್ರಾ?"

"ಬೇರೆ ಯಾವ ದರ್ಜಿ ಇದಾನೆ ಇಲ್ಲಿ?"

ಅವರು ಶೆಡ್ಡಿಗೆ ಹೋಗಿ ಹಳೇ ಟೈರಿನೊಳಗಿಂದ ಮಡಿಚಿಟ್ಟ ಬಟ್ಟೆ ತಂದರು. ನಾನು ಡ್ರಾಯರಿನಿಂದ ನನ್ನದು ತಂದೆ. ಅವರು ತಂದದ್ದನ್ನು ಬಿಡಿಸಿದರೆ ಅಂಚಿನಲ್ಲಿ ಹೊಲಿಗೆಯೇ ಇಲ್ಲ. ಗಟ್ಟಿಯಾಗಿ ಒಣಗಿದ ಗೋಂದು! ಮಡಿಚಿ, ಗೋಂದು ಮೆತ್ತಿ, ಏನೋ ಭಾರ ಹೇರಿ ಅಂಟಿಸಿದ್ದರು. ನಾನೂ ನಮ್ಮೆಜಮಾನರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಮೂವರೂ ಮಂಚದ ಕಡೆ ತಿರುಗಿದೆವು.

"ಏನ್ ನೋಡ್ತೀರಿ?" ಎಂದರು ಮಾವ. "ನಾನೇನು ದರ್ಜೀನಾ?" ಎಂದು ಗೊಣಗುತ್ತಾ ಹಾಸಿಗೆಯಡಿಯಿಂದ ಇನ್ನೊಂದು ಬಟ್ಟೆ ಎಳೆದು ಕೊಟ್ಟರು. ಎರಡು ಮಡಿಕೆ, ಒತ್ತೊತ್ತು ಹೊಲಿಗೆ, ನಾನು ಎರಡನೇ ಸಲ ಹೊಲಿದದ್ದು. "ಕೆಂಡ ಕೆದಕಿ ಬಂದು ಮುಟ್ಟಿ ನೋಡ್ದೆ. ಕಪ್ಪಾಗಿತ್ತು. ನಿನ್ನ ಥಾನಿಂದ ಕತ್ತರಿಸ್ಕೊಂಡೆ. ಬೈಬೇಡ."

ಅಕ್ಕ ಗೋಡೆಯಲ್ಲಿದ್ದುದನ್ನೂ ತೆಗೆದು, ನಾಲ್ಕನ್ನೂ ಕಿಟಕಿಯ ಬೆಳಕಿನಲ್ಲಿ ಮೇಜಿನ ಮೇಲೆ ಹರಡಿದಳು. ನಾನು ಕಣ್ಣು ಮುಚ್ಚಿಕೊಂಡೆ. ಆಮೇಲೆ ಕೇಳಿದ್ದು ಅವಳ ನಗು. ಎದೆರೋಗದ ವಾರ್ಡಿನಲ್ಲಿ ಹಾಗೆ ನಕ್ಕರೆ ರೋಗಿಗಳೆಲ್ಲ ಎದ್ದು ಕೂರುತ್ತಾರೆ.

"ಹೊಗೆ ಕೂತ ಬಟ್ಟೆ ಪೂರ್ತಿ ಮಾಸುತ್ತೆ, ಆ ಗೋಡೆ ಥರ. ಇಲ್ಲಿ ನೋಡಿ, ಎಲ್ಲ ಬೆಳ್ಳಗಿದೆ. ಒಂದರಲ್ಲಿ ಸಣ್ಣ ಬೆರಳ ಗುರುತು, ಒಂದರಲ್ಲಿ ಅಪ್ಪನ ಹೆಬ್ಬೆಟ್ಟು, ಇನ್ನೊಂದರಲ್ಲಿ ನನ್ ತಮ್ಮನ ಗ್ರೀಸ್ ಬೆರಳು. ಹೆಬ್ಬೆಟ್ಟಿನ ಆಕಾರದಲ್ಲಿ ಎಲ್ಲಾದ್ರೂ ಹೊಗೆ ಕೂರುತ್ತಾ? ಒಲೆ ಮುಟ್ಟಿದ ಕೈಯಲ್ಲೇ ಬಟ್ಟೆ ಮುಟ್ಟಿದ್ದೀರಲ್ಲ, ಬುದ್ಧಿವಂತರಾ! ಈ ಮನೇಲಿ ಹೊಗೆ ಇಲ್ಲ. ಕಳ್ಳರಿದ್ದಾರೆ."

ನಾನು ನನ್ನ ಕೈ ನೋಡಿಕೊಂಡೆ. ಬೆಳಿಗ್ಗೆ ಸೌದೆ ಹಾಕಿದ ಮಸಿ ಉಗುರಂಚಿನಲ್ಲಿ ಇನ್ನೂ ಇತ್ತು.

ಅಕ್ಕ ಚೀಲದಿಂದ ಸ್ಟೆತಸ್ಕೋಪ್ ತೆಗೆದು ಮಾವನ ಬೆನ್ನಿಗಿಟ್ಟಳು. ಉಸಿರೆಳಿ ಎಂದಳು, ಬಿಡು ಎಂದಳು, ಮತ್ತೆ ಎಳಿ ಎಂದಳು. ಕೊನೆಗೆ, "ಎದೇಲಿ ಸಿಳ್ಳೆ ಕಡಿಮೆಯಾಗಿದೆ. ಇರು ಇಲ್ಲೇ," ಎಂದಳು. ಆಮೇಲೆ ಅವರ ಎದುರು ಕೂತು ಕೇಳಿದಳು. "ಒಂದು ಹೇಳಪ್ಪ. ಗಿರಣೀಲಿ ಅಷ್ಟು ವರ್ಷ ಶುದ್ಧವಾಗಿ ಉರಿಸಿದೋನು ನೀನು. ಗಾಳಿ ಮುಚ್ಚಿದ್ರೆ ಹೊಗೆ ಅಂತ ನಿನಗೆ ಗೊತ್ತಿರ್ಲಿಲ್ವಾ? ಮನೇಲಿ ಯಾಕೆ ಹಾಗೆ ಮಾಡ್ತಿದ್ದೆ?"

ಮಾವ ಒಲೆಯನ್ನು ನೋಡಿದರು, ಇಟ್ಟಿಗೆ ನೋಡಿದರು, ನನ್ನನ್ನು ಮಾತ್ರ ನೋಡಲಿಲ್ಲ.

"ಗೊತ್ತಿತ್ತು. ಆರಿದ್ರೆ ಬೆಳಿಗ್ಗೆ ಮುಂದಿನ ಕೋಣೆ ಮಂಜಾಗುತ್ತಲ್ಲ. ಇವಳು ಮದುವೆಯಾಗಿ ಬಂದ ವರ್ಷ, ಬೆಳಿಗ್ಗೆ ಮಿಷನ್ ಮುಂದೆ ಕೂತು ಬೆರಳು ಊದ್ಕೊಳ್ತಾ ಅಳ್ತಿದ್ಲು. ಒಂದಿನ ಸೂಜಿ ಬೆರಳೊಳಗೆ ಹೊಕ್ಕಿತ್ತು, ಇವಳಿಗೆ ಗೊತ್ತೇ ಆಗಿರ್ಲಿಲ್ಲ, ಅಷ್ಟು ಮರಗಟ್ಟಿತ್ತು. ಅವತ್ತಿಂದ ಬೆಂಕಿ ಆರೋಕೆ ಬಿಟ್ಟಿಲ್ಲ."

ಆ ಸೂಜಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಹೊಸ ಸೊಸೆ, ಕೆಲಸ ಬರುವುದಿಲ್ಲ ಎನ್ನುತ್ತಾರೆಂದು ಬೆರಳಿಗೆ ಚಿಂದಿ ಸುತ್ತಿ ಸುಮ್ಮನಿದ್ದೆ. ಈ ಮನುಷ್ಯ ನೋಡಿದ್ದರು. ನೋಡಿ, ಅಷ್ಟೂ ಚಳಿಗಾಲ ನನ್ನ ಬೆರಳಿಗೋಸ್ಕರ ಒಲೆಯ ಪಕ್ಕ ಮಲಗಿ ಹೊಗೆ ಕುಡಿದಿದ್ದರು.

ನನಗೆ ಬಂದದ್ದು ಕೋಪ. ಜೀವಮಾನದಲ್ಲಿ ಅಂಥ ಕೋಪ ಬಂದಿರಲಿಲ್ಲ. "ಇಷ್ಟು ವರ್ಷ! ಇಷ್ಟು ವರ್ಷ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ಬಾಯಿಲ್ವಾ? ಮಿಷನ್ನ ನಡುಕೋಣೆಗೆ ತಂದಿಟ್ಕೊಳ್ತಿದ್ದೆ! ಕೈಗವಸು ಹಾಕ್ಕೊಳ್ತಿದ್ದೆ! ನಿಮ್ಮ ಎದೆಗಿಂತ ನನ್ನ ಬೆರಳು ಹೆಚ್ಚಾ?" ಎಂದು ಕೂಗುತ್ತಾ ಕೂಗುತ್ತಾ ಅವರ ಕಾಲ ಬಳಿ ಕೂತು ಗಳಗಳ ಅತ್ತುಬಿಟ್ಟೆ.

"ನಿನ್ನ ಬೆರಳಿಗಲ್ಲಮ್ಮಾ," ಎಂದು ಅವರೂ ಕೂಗಿದರು. "ಬೆರಳು ಮರಗಟ್ಟಿದ್ರೆ ನನ್ನ ಪೈಜಾಮ ಸೊಟ್ಟ ಹೊಲೀತೀಯ ಅಂತ!" ಕೂಗಿದವರ ಕೈ ಮಾತ್ರ ನನ್ನ ತಲೆಯ ಮೇಲಿತ್ತು.

ಮಾರನೇ ಬೆಳಿಗ್ಗೆ ನಾನು ಅವರಿಗಿಂತ ಮುಂಚೆ ಎದ್ದೆ. ಇಟ್ಟಿಗೆ ಇನ್ನೂ ಉಗುರು ಬೆಚ್ಚಗಿತ್ತು. ದಪ್ಪದ್ದು ಕೆಳಗೆ, ಸಣ್ಣದ್ದು ಮೇಲೆ, ಪುರುಳೆ ಎಲ್ಲಕ್ಕಿಂತ ಮೇಲೆ. ಕಡ್ಡಿ ಗೀರಿದೆ.

"ಗಾಳಿಕಿಂಡಿ ಪೂರ್ತಿ ತೆರೆದಿದ್ಯಾ?" ಹೊದಿಕೆಯೊಳಗಿಂದ ಮಾವನ ದನಿ ಬಂತು.

"ಹೂಂ."

"ಸೌದೆ ಟಣ್ ಅಂತಾ?"

"ಹೂಂ ಅಂದ್ನಲ್ಲ."

"ಜಾಸ್ತಿ ಹಾಕಿದ್ದೀಯ ಅನ್ಸುತ್ತೆ."

"ಹೊದ್ಕೊಂಡು ಮಲಗಿ ಮಾವ!"

ಮಲಗುತ್ತಾರೆಯೇ? ನಾನು ಮುಂದಿನ ಕೋಣೆಗೆ ಬಂದು ಮಿಷನ್ ಮುಂದೆ ಕೂತು, ಅವರ ಪೈಜಾಮಕ್ಕೆಂದು ಬಟ್ಟೆ ಹರಡಿ, ಸೂಜಿಗೆ ದಾರ ಪೋಣಿಸುತ್ತಿದ್ದೆ. ಕಿಟಕಿಯಾಚೆ ಬೀದಿಯಲ್ಲಿ ಯಾರೋ ಕಂಬಳಿ ಹೊದ್ದು ನಿಂತಿದ್ದರು. ನೋಡಿದರೆ ಮಾವ! ಕತ್ತೆತ್ತಿ ನಮ್ಮ ಮನೆಯ ಹೊಗೆಕೊಳವೆಯನ್ನೇ ದಿಟ್ಟಿಸುತ್ತಿದ್ದರು. ಈ ಚಳಿಯಲ್ಲಿ, ಆ ಎದೆ ಇಟ್ಟುಕೊಂಡು! ಬೈಯಲು ಕಿಟಕಿ ತೆಗೆದೆ.

ನಾನು ಬಾಯಿ ತೆರೆಯುವ ಮೊದಲೇ ಅವರು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ನಡುವೆ ಒಂದು ಸಲವೂ ಕೆಮ್ಮಲಿಲ್ಲ.

"ಏನೂ ಕಾಣ್ತಿಲ್ಲ ಕಣಮ್ಮಾ! ಒಂಚೂರೂ ಏನೂ ಕಾಣ್ತಿಲ್ಲ!"